ಮೇಜಿನ ಮೇಲಿನ ಕಡಲು

ಮರಳಕೋಡಿ ಬಂದರಿನ ಮೀನುಗಾರರ ಸಂಘದ ಮಹಡಿಯಲ್ಲಿ, ಬೋಟು ಕಟ್ಟುವ ಧಕ್ಕೆಯ ಕಡೆಗಿನ ಕಿಟಕಿಗೆ ತಾಗಿ ಒಂದು ಮೇಜಿತ್ತು. ಅದರ ಮೇಲೊಂದು ಸಾಧಾರಣ ಕಂಪ್ಯೂಟರ್. ತಂದಿಟ್ಟ ದಿನದಿಂದ ಅದು ಒಂದು ಅಂಗುಲವೂ ಅಲುಗಿದ್ದಿಲ್ಲ. ಆದರೆ ಅದರ ಹೊಟ್ಟೆಯೊಳಗೆ ಬಂದರಿನ ಬೋಟಿಗೊಂದರಂತೆ ಫೋನುಗಳಿದ್ದವು. ನಿಜವಾದ ಫೋನುಗಳಲ್ಲ, ಕಂಪ್ಯೂಟರು ತನ್ನೊಳಗೆ ಕಟ್ಟಿಕೊಂಡ ನಟನೆಯ ಫೋನುಗಳು. ಆ ಒಂದೊಂದು ಫೋನಿನಲ್ಲೂ 'ತೂಗು' ಎಂಬ ಆ್ಯಪ್ ಓಡುತ್ತಿತ್ತು. ತಾನು ಫ್ಯಾನಿನ ಕೆಳಗೆ ತಣ್ಣಗೆ ಕೂತಿದ್ದೇನೆಂಬುದು ಪಾಪ ಆ ಆ್ಯಪಿಗೆ ಗೊತ್ತಿರಲಿಲ್ಲ. ಕಡಲಿನ ನಡುವೆ, ಬೋಟಿನ ಕ್ಯಾಬಿನ್ನಿನ ಹಲಗೆಗೆ ಅಂಗಾತ ಅಂಟಿಕೊಂಡು ಅಲೆಯ ಮೇಲೆ ಏಳುತ್ತ ಬೀಳುತ್ತ ಇದ್ದೇನೆಂದೇ ಅದು ತಿಳಿದಿತ್ತು.

ಹೀಗೇಕೆ ಮಾಡಬೇಕಾಯಿತೆಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡ ತಿರುಗುತ್ತದಲ್ಲ, ಅದು ಫೋನಿನೊಳಗಿನ ಅಲುಗಾಟದ ಸೆನ್ಸರ್ ಮಾಡುವ ಕೆಲಸ. ಅದೇ ಸೆನ್ಸರಿನಿಂದ ಬೋಟು ಎಡಕ್ಕೆ ಬಲಕ್ಕೆ ವಾಲಿ ಏಳಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಂದು ಅಳೆಯಬಹುದು. ಅಡಿ ಭಾರವಾಗಿದ್ದ ಬೋಟು ವಾಲಿದರೆ ಚಟ್ಟನೆ ಏಳುತ್ತದೆ, ಒಳಗಿದ್ದವರ ಸೊಂಟ ಮುರಿಯುತ್ತದೆ, ಆದರೆ ಜೀವಕ್ಕೆ ಭಯವಿಲ್ಲ. ಮೇಲೆ ಭಾರ ಹೇರಿದ ಬೋಟು ಮೆಲ್ಲಗೆ ವಾಲುತ್ತದೆ, ಏಳುವಾಗ ಯೋಚನೆ ಮಾಡುತ್ತದೆ. ಮೈಗೆ ಸುಖ, ಆದರೆ ಒಂದು ಸಲ ಯೋಚನೆ ಹೆಚ್ಚಾಯಿತೆಂದರೆ ಏಳುವುದೇ ಇಲ್ಲ. ತೂಗು ಇದನ್ನು ಲೆಕ್ಕ ಹಾಕಿ, ಚುರುಕಾದ ತೂಗಾಟಕ್ಕೆ ಹಸಿರು ಬಣ್ಣವನ್ನೂ ಸೋಮಾರಿ ತೂಗಾಟಕ್ಕೆ ಕೆಂಪು ಬಣ್ಣವನ್ನೂ ತೋರಿಸುತ್ತಿತ್ತು.

ಮೊದಲು ಈ ಆ್ಯಪು ಬೋಟಿನ ಫೋನಿನಲ್ಲೇ ಇತ್ತು. ಕೆಂಪಾದರೆ ಕಿರುಚುತ್ತಿತ್ತು. ನಮ್ಮವರು ಏನು ಮಾಡಿದರು? ಫೋನಿಗೆ ಟವೆಲ್ ಸುತ್ತಿದರು. ಒಬ್ಬ ಪುಣ್ಯಾತ್ಮ ಅದನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟು ಮೀನು ಹಿಡಿದ. ಕೊನೆಗೆ ಸಂಘದವರು ಸೋತು, ಬೋಟಿನ ಫೋನು ಬರೀ ಅಲುಗಾಟವನ್ನು ಕಳಿಸಲಿ, ಆ್ಯಪು ದಡದಲ್ಲಿ ಕಂಪ್ಯೂಟರಿನಲ್ಲಿ ಓಡಲಿ, ಕೆಂಪಾದರೆ ಇಲ್ಲಿಂದ ವೈರ್‌ಲೆಸ್‌ನಲ್ಲಿ ಹೇಳೋಣ ಎಂದು ತೀರ್ಮಾನಿಸಿದರು. ಕಂಪ್ಯೂಟರಿಗೆ ಸೆನ್ಸರ್ ಇಲ್ಲ. ಕಡಲಿನಿಂದ ಬಂದ ಅಲುಗಾಟವನ್ನು ನಟನೆಯ ಫೋನಿನೊಳಗೆ ಸುರಿದರೆ ಆ್ಯಪು ಅದನ್ನೇ ನಿಜವೆಂದು ನಂಬುತ್ತದೆ. ಉಡುಪಿಯಿಂದ ಬಂದ ಪ್ರಸನ್ನ ಎಂಬ ಪ್ರೋಗ್ರಾಮರ್ ಅದನ್ನು ಜೋಡಿಸಿಕೊಟ್ಟ. ಮೇಜಿನ ಮುಂದೆ ಕೂರಲು ಸುಗಂಧಿಯನ್ನು ನೇಮಿಸಿದರು. ಭೌತಶಾಸ್ತ್ರದಲ್ಲಿ ಡಿಗ್ರಿ ಮಾಡಿದ್ದ ಮೊಗವೀರರ ಹುಡುಗಿ. ಅಪ್ಪನೂ ಅಜ್ಜನೂ ಬೋಟು ನಡೆಸುವ ತಾಂಡೇಲರಾಗಿದ್ದವರು.

ಅಲ್ಲಿಂದ ಊರಿಗೆ ಹೊಸದೊಂದು ಚಾಳಿ ಶುರುವಾಯಿತು. ಸಂಜೆಯಾಗುತ್ತಲೇ ಹೆಂಗಸರು ಒಲೆಯ ಮೇಲೆ ಅನ್ನಕ್ಕಿಟ್ಟು ಸಂಘದ ಕಿಟಕಿಯ ಕೆಳಗೆ ಬಂದು ನಿಲ್ಲುವರು.

"ಸುಗಂಧೀ, ನಮ್ದ್ ಎಂತ ಬಣ್ಣ ಹೆಣೆ?"

"ಹಸ್ರೇ ಇತ್ತ್ ಅಕ್ಕಾ."

ಅಷ್ಟು ಕೇಳಿದರೆ ಅವರು ಮನೆಗೆ ಹೋಗಿ ನೆಮ್ಮದಿಯಿಂದ ಮಸಾಲೆ ಅರೆಯುತ್ತಿದ್ದರು. ಕಡಲಿನಲ್ಲಿದ್ದವರಿಗೂ ಹಸಿರು ರೂಢಿಯಾಯಿತು. ಮೊದಲು ಹಿಡಿದಷ್ಟನ್ನು ಕೆಳಗಿನ ಗೋದಾಮಿಗೆ ತುಂಬಿ ವಾಪಸಾಗುತ್ತಿದ್ದವರು ಈಗ ಡೆಕ್ಕಿನ ಮೇಲೂ ರಾಶಿ ಹಾಕತೊಡಗಿದರು. ಕೇಳಿದರೆ, ಹಸಿರು ಇತ್ತಲ್ದಾ ಎನ್ನುವರು. ಆ ವರ್ಷವಿಡೀ ಒಂದೇ ಒಂದು ಬೋಟು ಕೆಂಪಾಗಲಿಲ್ಲ. ಇದೇನು ಇಷ್ಟು ಚೆನ್ನಾಗಿದೆ ಎಂದು ಯಾರಿಗೂ ಅನುಮಾನ ಬರಲಿಲ್ಲ, ಸುಗಂಧಿಗೂ ಬರಲಿಲ್ಲ.

ಮಳೆಗಾಲದ ರಜೆ ಮುಗಿದು ಮತ್ತೆ ಕಡಲಿಗಿಳಿಯುವ ಹೊತ್ತಿಗೆ ಸುಗಂಧಿಯ ತಮ್ಮ ದಯಾಕರನಿಗೆ ತಾಂಡೇಲನಾಗುವ ಯೋಗ ಬಂತು. ಮರಳಕೋಡಿಯಲ್ಲಿ ಇದಕ್ಕೊಂದು ಪದ್ಧತಿಯಿದೆ. ಹೊಸ ತಾಂಡೇಲ ತನ್ನ ಮೊದಲ ದಿನದ ಮೀನಿನಲ್ಲಿ ಒಂದು ಪಾಲನ್ನು ಗೋದಾಮಿಗೆ ಹಾಕದೆ, ಮಂಜುಗಡ್ಡೆ ತಾಗಿಸದೆ, ಡೆಕ್ಕಿನ ಮೇಲೆ ತರುತ್ತಾನೆ. ಅದು ಮಾರುವ ಮೀನಲ್ಲ. ಅವನ ತಾಯಿ ಅದನ್ನು ಕೇರಿಯ ಮನೆಮನೆಗೂ ಹಂಚಬೇಕು. ಹಂಚಿದ ಮೇಲೆಯೇ ಊರು ಅವನನ್ನು ತಾಂಡೇಲ ಎಂದು ಕರೆಯುವುದು. ಮೊದಲ ದಿನ ಬರಿಗೈಯಲ್ಲಿ ಬಂದವನಿಗೆ ಆ ವರ್ಷವಿಡೀ ಆ ಹೆಸರಿಲ್ಲ. ಬೋಟು ನಡೆಸಬಹುದು, ಆದರೆ ಎಲ್ಲರ ಬಾಯಲ್ಲೂ ಅವನು ಬರೀ ದಯಾ.

ಹಿಂದಿನ ದಿನ ಸಂಜೆ ಮನೆಯಲ್ಲಿ ಅದೇ ಸಡಗರ. ತಾಯಿ ಮುತ್ತಕ್ಕ ನೆರೆಮನೆಯಿಂದೆಲ್ಲ ಬುಟ್ಟಿ ತಂದು ಅಂಗಳದಲ್ಲಿ ತೊಳೆದು ಬೋರಲು ಹಾಕಿದ್ದಳು. ದಯಾಕರ ಊಟಕ್ಕೆ ಕೂತು, ತಾಯಿಗೆ ಹೇಳುವ ನೆಪದಲ್ಲಿ ಅಕ್ಕನನ್ನು ಕಾಡುತ್ತಿದ್ದ.

"ಅಬ್ಬೀ, ನಾಳೆ ಅಕ್ಕ ನಂಗೆ ಕೆಂಪು ಕೊಟ್ಟರೆ ಅವಳಿಗೆ ರಾತ್ರಿ ಊಟ ಹಾಕ್ಬ್ಯಾಡ ಕಾಣ್."

"ಕೊಡುದು ನಾನಲ್ಲ ಮಾರಾಯಾ, ಕಂಪ್ಯೂಟರ್."

"ಕಂಪ್ಯೂಟರ್‌ಗೀಂಪ್ಯೂಟರ್ ನಂಗೊತ್ತಿಲ್ಲೆ. ನೀನು ಹೇಳಿದ್ರೆ ಸಮ."

ಅವನು ಹಾಗೆಂದದ್ದು ಬಾಯಿಮಾತಿಗಲ್ಲ. ಚಿಕ್ಕವನಿದ್ದಾಗ ಹೊಳೆಯಲ್ಲಿ ಈಜು ಕಲಿಸಿದ್ದು ಅವಳೇ. ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು, ಬಿಡುವುದಿಲ್ಲ ಎಂದರೆ ಬಿಡುತ್ತಿರಲಿಲ್ಲ. ಈಗ ಬಿಡುತ್ತೇನೆ ಎಂದು ಹೇಳಿಯೇ ಬಿಡುತ್ತಿದ್ದಳು. ಬೇರೆ ಹುಡುಗರ ಅಣ್ಣಂದಿರೆಲ್ಲ ಹೇಳದೆ ಕೈಬಿಟ್ಟು ನಗುತ್ತಿದ್ದರು. ಅದಕ್ಕೇ ಅವನಿಗೆ ಅಕ್ಕನ ಮಾತೆಂದರೆ ಮಾತು.

ಮರುದಿನ ಮಧ್ಯಾಹ್ನದ ಹೊತ್ತಿಗೆ ವೈರ್‌ಲೆಸ್‌ನಲ್ಲಿ ಜಾತ್ರೆಯಂಥ ಗದ್ದಲ. ಬಂಗುಡೆ ಮುಗಿಬಿದ್ದು ಬಂದಿತ್ತು. ದಯಾಕರನಿಗೂ ಸಿಕ್ಕಿತ್ತು. ಅವನು ಹೊಸಬ, ಹೆದರಿಕೆಯವನು. ಗೋದಾಮು ಭರ್ತಿಯಾಗುತ್ತಲೇ ಬೋಟಿನ ಆಳುಗಳಾದ ಕಲಾಸಿಗಳಿಂದ ಬಲೆ ಎಳೆಸಿಟ್ಟು, ಹಂಚುವ ಮೀನಿನ ರಾಶಿಯನ್ನು ಮಾತ್ರ ಡೆಕ್ಕಿನ ಮೇಲಿಟ್ಟುಕೊಂಡು ದಡದ ಕಡೆ ತಿರುಗಿದ್ದ. ಉಳಿದವರು ಸಿಕ್ಕಿದ ಜಾಗದಲ್ಲೆಲ್ಲ ತುಂಬಿದ್ದರು. ಎಲ್ಲರಿಗಿಂತ ಹೆಚ್ಚು ಹೇರಿದ್ದು ಸೂರಪ್ಪ ತಾಂಡೇಲ. ಬಂದರಿಗೇ ಹಿರಿಯ, ಅವನು ಕೆಮ್ಮಿದರೆ ಉಳಿದ ತಾಂಡೇಲರೂ ಗಂಟಲು ಸರಿಮಾಡಿಕೊಳ್ಳುವರು.

"ಸುಗಂಧೀ, ಇವತ್ತು ಕಡಲು ಅಂದ್ರೆ ಕಡಲು ಮಾರಾಯ್ತಿ," ಅಂದ ಸೂರಪ್ಪ ವೈರ್‌ಲೆಸ್‌ನಲ್ಲಿ. "ತೊಟ್ಟಿಲು ತೂಗ್ದಂಗೆ ತೂಗ್ತಾ ಇತ್ತ್. ನನ್ನ ಕಲಾಸಿಗಳೆಲ್ಲ ಮೀನಿನ ರಾಶಿ ಮೇಲೆ ಮಲ್ಗಿ ಗೊರಕೆ ಹೊಡಿತಿದ್ರ್."

ಸುಗಂಧಿ ನಕ್ಕಳು. ನಗುತ್ತಲೇ ಪರದೆಯ ಮೇಲೆ ಅವನ ಬೋಟನ್ನು ನೋಡಿದಳು. ಹಸಿರು. ಪಕ್ಕದಲ್ಲಿ ಕುಣಿಯುತ್ತಿದ್ದ ಪುಟ್ಟ ಬೋಟಿನ ಚಿತ್ರ ಚಟಚಟನೆ ಎಡಬಲ ಅಲುಗುತ್ತಿತ್ತು. ಹೀಗೆ ಅಲುಗುವ ಬೋಟಿನಲ್ಲಿ ಮನುಷ್ಯ ನಿಲ್ಲುವುದೇ ಕಷ್ಟ, ಗೊರಕೆ ಹೊಡೆಯುವುದು ದೂರದ ಮಾತು. ತೊಟ್ಟಿಲನ್ನು ಹೀಗೆ ತೂಗಿದರೆ ಮಗು ಕಿರುಚುತ್ತದೆ. ಅವಳ ನಗು ಅಲ್ಲಿಗೆ ನಿಂತಿತು.

ಕಿಟಕಿ ತೆರೆದು ನೋಡಿದಳು. ಗಾಳಿ ಇರಲಿಲ್ಲ. ಆದರೆ ಎಲ್ಲೋ ದೂರದ ಬಿರುಗಾಳಿ ಎಬ್ಬಿಸಿದ ಉದ್ದುದ್ದದ ಅಲೆಗಳು ಅಳಿವೆಯ ಬಾಯಿಯಲ್ಲಿ ಒಂದರ ಹಿಂದೊಂದು ಎದ್ದು ಮುರಿಯುತ್ತಿದ್ದವು. ಹೊಳೆ ಕಡಲಿಗೆ ಸೇರುವ ಆ ಜಾಗ ಹೇಗೂ ಕೆಟ್ಟದು. ಬೋಟುಗಳೆಲ್ಲ ನೀರು ಏರುವ ಸಂಜೆಯ ಭರತಕ್ಕೆ ಅಲ್ಲಿಂದಲೇ ಒಳಗೆ ಬರಬೇಕು. ಹಿಂದಿನಿಂದ ಅಲೆ ಎತ್ತಿ ಎಸೆಯುವಾಗ ವಾಲಿದ ಬೋಟು ತಕ್ಷಣ ಏಳದಿದ್ದರೆ ಕತೆ ಮುಗಿಯಿತು.

ತನ್ನ ಫೋನಿನಲ್ಲಿ ತೂಗು ತೆರೆದು, ಅಂಗೈ ಮೇಲೆ ಅಂಗಾತ ಇಟ್ಟು ಎಡಕ್ಕೆ ಬಲಕ್ಕೆ ವಾಲಿಸಿದಳು. ಫೋನಿನ ಬೋಟು ಸರಿಯಾಗಿಯೇ ಎಡಬಲ ವಾಲಿತು. ಆಮೇಲೆ ಅದೇ ಫೋನನ್ನು ಒಂದು ಬೋಟೆಂಬಂತೆ ಕಂಪ್ಯೂಟರಿಗೆ ಜೋಡಿಸಿ ಮತ್ತೆ ಎಡಬಲ ವಾಲಿಸಿದಳು. ಪರದೆಯ ಬೋಟು ಅಲುಗಲಿಲ್ಲ. ಫೋನನ್ನು ಮುಂದಕ್ಕೆ ಹಿಂದಕ್ಕೆ ಬಾಗಿಸಿದಳು. ಪರದೆಯ ಬೋಟು ಎಡಬಲ ಕುಣಿಯಿತು.

ಅವಳಿಗೆ ಈಗ ಅರ್ಥವಾಯಿತು. ಬೋಟಿನ ಫೋನು ಹಲಗೆಯ ಮೇಲೆ ಬೋಟಿನ ಉದ್ದಕ್ಕೆ ಮಲಗಿರುತ್ತದೆ. ಕಂಪ್ಯೂಟರಿನ ಪರದೆ ಅಡ್ಡ. ಅದರೊಳಗಿನ ನಟನೆಯ ಫೋನುಗಳೂ ತಾವು ಅಡ್ಡ ಮಲಗಿದ್ದೇವೆಂದು ತಿಳಿದುಕೊಂಡು, ಎಡಬಲವನ್ನು ಹಿಂದುಮುಂದೆಂದೂ ಹಿಂದುಮುಂದನ್ನು ಎಡಬಲವೆಂದೂ ಆ್ಯಪಿಗೆ ಹೇಳುತ್ತ ಬಂದಿದ್ದವು. ಬೋಟಿನ ಮೂತಿ ಅಲೆಗೆ ಏಳುವುದು ಬೀಳುವುದು ಯಾವಾಗಲೂ ಚುರುಕೇ, ಎಷ್ಟು ಹೇರಿದರೂ ಚುರುಕೇ. ಒಂದು ವರ್ಷ ಊರಿಗೆಲ್ಲ ಹಸಿರು ಹಂಚಿದ್ದು ಆ ಮೂತಿಯ ಕುಣಿತವನ್ನು ನೋಡಿ. ಪರೀಕ್ಷೆ ಮಾಡಿದ ದಿನ ಪ್ರಸನ್ನನೂ ಅವಳೂ ಫೋನನ್ನು ಕೈಯಲ್ಲಿ ಹಿಡಿದು ಕಂಡಕಂಡಂತೆ ಅಲ್ಲಾಡಿಸಿದ್ದರು. ಪರದೆಯ ಬೋಟು ಕುಣಿಯಿತು, ನೆರೆದವರು ಚಪ್ಪಾಳೆ ತಟ್ಟಿದರು. ಯಾವ ಕಡೆಗೆ ಅಲ್ಲಾಡಿಸಿದರೆ ಯಾವ ಕಡೆಗೆ ಕುಣಿಯಿತೆಂದು ಯಾರೂ ನೋಡಿರಲಿಲ್ಲ.

ಪ್ರಸನ್ನನಿಗೆ ಫೋನು ಮಾಡಿ ಹೇಳಿದಳು.

"ಮೇಡಂ, ತಪ್ಪಾಗಿದೆ," ಎಂದ ಅವನು. "ಎಲ್ಲವನ್ನೂ ಉದ್ದಕ್ಕೆ ತಿರುಗಿಸಿ. ಈಗಲೇ ತಿರುಗಿಸಿ. ನಾನು ಹೊರಟೆ."

ತಿರುಗಿಸಿದಳು. ಪರದೆಯ ಮೇಲಿನ ಚಿತ್ರಗಳು ಒಂದು ಗಳಿಗೆ ಗೊಂದಲಗೊಂಡು ಆಮೇಲೆ ನಿಧಾನಕ್ಕೆ, ಎಷ್ಟೋ ಆರಾಮಾಗಿ ತೂಗತೊಡಗಿದವು. ಬಣ್ಣ ಒಂದೊಂದಾಗಿ ಬದಲಾಯಿತು. ಅವಳು ಮೊದಲು ಹುಡುಕಿದ್ದು ತಮ್ಮನದನ್ನೇ, ಅದರಲ್ಲಿ ನಾಚಿಕೆಯೇನಿದೆ. ದಯಾಕರನ ಬೋಟು ಹಸಿರಾಗಿಯೇ ಉಳಿದಿತ್ತು, ಕಟಕಟನೆ ಅಲುಗುತ್ತ. ದೇವರೇ ಎಂದು ಉಸಿರು ಬಿಟ್ಟಳು. ಆಮೇಲೆ ಉಳಿದವನ್ನು ನೋಡಿದಳು. ಅರ್ಧಕ್ಕರ್ಧ ಕೆಂಪು. ಎಲ್ಲಕ್ಕಿಂತ ಗಾಢ ಕೆಂಪು ಸೂರಪ್ಪನದು. ಅವನ ಬೋಟಿನ ಚಿತ್ರ ಒಂದು ಕಡೆ ವಾಲಿ, ಅಲ್ಲೇ ನಿಂತು, ಬೇಕೋ ಬೇಡವೋ ಎಂಬಂತೆ ಮೇಲೇಳುತ್ತಿತ್ತು.

ವೈರ್‌ಲೆಸ್ ಎತ್ತಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಕಂಪ್ಯೂಟರ್ ಒಂದು ವರ್ಷದಿಂದ ತಪ್ಪು ತೋರಿಸುತ್ತಿತ್ತು, ನಾನೂ ತಪ್ಪೇ ಹೇಳುತ್ತಿದ್ದೆ, ಈಗ ಸರಿಮಾಡಿದ್ದೇನೆ ಎಂದಳು. ಕೆಂಪಾದ ಬೋಟುಗಳ ಹೆಸರು ಹೇಳಿ, ಅಳಿವೆಗೆ ಬರುವ ಮೊದಲು ಡೆಕ್ಕಿನ ಮೀನನ್ನೆಲ್ಲ ಕಡಲಿಗೆ ಚೆಲ್ಲಿಬಿಡಿ ಎಂದು ಬೇಡಿಕೊಂಡಳು.

ಸೂರಪ್ಪ ಮಾತಾಡಲೆಂದು ಎಲ್ಲರೂ ಕಾಯುತ್ತಿದ್ದರು.

"ಇಷ್ಟು ಹೊತ್ತು ಹಸ್ರು, ಈಗ ಕೆಂಪಾ?" ಎಂದ ಸೂರಪ್ಪ. ಸಿಟ್ಟಿರಲಿಲ್ಲ, ಮಗುವಿಗೆ ಹೇಳುವ ಹಾಗೆ ಹೇಳಿದ. "ನಿನ್ನ ಡಬ್ಬಿಗೆ ಎಂತದೋ ಆಯ್ತ್ ಹೆಣೆ. ನಿನ್ನ ಮಾತು ಕೇಂಡ್ ಕಡಲಮ್ಮ ಕೊಟ್ಟದ್ದನ್ನ ಅವಳ ಮುಖಕ್ಕೇ ಎಸೆಯುದಾ? ಅದೂ ವರ್ಷದ ಮೊದಲ ಮೀನು."

"ಸೂರಣ್ಣ, ನೀವೇ ಹೇಳಿದ್ರಲ್ದಾ, ತೊಟ್ಟಿಲಿನ ಹಾಗೆ ತೂಗ್ತಿತ್ತ್ ಅಂದೇಳಿ. ಅದೇ ಅಪಾಯ. ನಿಮ್ಮ ಬೋಟು ಏಳ್ತಾ ಇಲ್ಲೆ."

"ನಲ್ವತ್ತು ವರ್ಷ ಎದ್ದದ್ದು ಇವತ್ತೂ ಏಳತ್ತ್."

ಬೇರೆಯವರು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. "ಸೂರಣ್ಣ ಎಂತ ಮಾಡ್ತ್ರ್ ಕಾಂಬ," ಎಂದ ಒಬ್ಬ. "ಯಾರಾದ್ರೂ ಚೆಲ್ಲಿದ್ರೆ ನಾನೂ ಚೆಲ್ತೆ," ಎಂದ ಇನ್ನೊಬ್ಬ. ಸುಗಂಧಿಗೆ ತನ್ನ ಊರಿನವರ ಬುದ್ಧಿ ಗೊತ್ತಿತ್ತು. ಒಬ್ಬನೇ ಚೆಲ್ಲಿ, ಉಳಿದವರು ತುಂಬಿಕೊಂಡು ಸುಖವಾಗಿ ಬಂದರೆ, ಚೆಲ್ಲಿದವನನ್ನು ಧಕ್ಕೆಯ ಮೇಲೆ ಜನ್ಮವಿಡೀ ಆಡಿಕೊಳ್ಳುತ್ತಾರೆ. ಮೊದಲು ಚೆಲ್ಲುವ ಮೂರ್ಖ ಯಾರೆಂದು ಎಲ್ಲರೂ ನೋಡುತ್ತಿದ್ದರು. ಅಷ್ಟು ಬೋಟುಗಳೂ ಮಾತಾಡುತ್ತ ಮಾತಾಡುತ್ತ ಅಳಿವೆಯ ಕಡೆ ಬರುತ್ತಲೇ ಇದ್ದವು. ಕಿಟಕಿಯಿಂದ ಮುಂದಿನ ಬೋಟುಗಳ ಕ್ಯಾಬಿನ್ ಕಾಣತೊಡಗಿತ್ತು.

ಮೊದಲು ಒಬ್ಬ ಚೆಲ್ಲಬೇಕಿತ್ತು. ತನ್ನ ಮಾತನ್ನು ತಿರುಗಿ ಕೇಳದೆ ನಂಬುವವನು ಆ ಕಡಲಿನಲ್ಲಿ ಒಬ್ಬನೇ ಇದ್ದ. ಅವನ ಬೋಟು ಹಸಿರಿತ್ತು. ಅವನ ಡೆಕ್ಕಿನ ಮೇಲಿದ್ದದ್ದು ಊರಿಗೆ ಹಂಚುವ ಮೀನು. ಸುಗಂಧಿಗೆ ಅಳು ಬಂತು. ವೈರ್‌ಲೆಸ್ಸಿನ ಗುಂಡಿ ಒತ್ತುವ ಮೊದಲು ಸೆರಗಿನಿಂದ ಮುಖ ಒರೆಸಿಕೊಂಡಳು, ಧ್ವನಿಯಲ್ಲಿ ಅದು ಕೇಳಬಾರದೆಂದು.

"ದಯಾ."

"ಹೇಳ್ ಅಕ್ಕಾ."

"ನಿಂದೂ ಕೆಂಪಾಯ್ತ್. ಮೇಲಿನ ಮೀನು ಚೆಲ್ಲ್."

ದಯಾಕರ ಡೆಕ್ಕಿನ ರಾಶಿಯ ಕಡೆ ಒಮ್ಮೆ ತಿರುಗಿ ನೋಡಿ ಮತ್ತೆ ಗುಂಡಿ ಒತ್ತಿದ.

"ನಮ್ದೂವಾ? ಇದು ಹಂಚುವ ಮೀನಲ್ದಾ ಅಕ್ಕಾ. ಅಬ್ಬಿ ಬುಟ್ಟಿ ತೊಳ್ದಿಟ್ಟಿದ್ದ್."

"ಗೊತ್ತಿತ್ತ್."

"ನೀನು ಸಮಾ ಕಂಡ್ಯಾ?"

"ಕಂಡೆ."

ಅವನು ಗುಂಡಿಯ ಮೇಲಿನ ಬೆರಳು ತೆಗೆಯುವುದನ್ನು ಮರೆತಿದ್ದ. ಅವನು ಕಲಾಸಿಗಳಿಗೆ ಹೇಳಿದ್ದು ಎಲ್ಲ ಬೋಟುಗಳಿಗೂ ಕೇಳಿಸಿತು. ಅಕ್ಕ ಹೇಳಿದ್ದ್, ಚೆಲ್ಲಿ ಎಂದ. ಒಬ್ಬ ಕಲಾಸಿ ಗೊಣಗಿದ. ಚೆಲ್ಲಿ ಅಂದೆನಲ್ದಾ ಎಂದು ಗದರಿದ. ಆಮೇಲೆ ಸಲಿಕೆಯ ಸದ್ದು, ರಾಶಿ ನೀರಿಗೆ ಜಾರುವ ಸದ್ದು, ಎಲ್ಲ ಬೋಟುಗಳಲ್ಲಿ, ಸಂಘದ ಮಹಡಿಯ ಮೇಲೆ ಕೂಡ.

ಹೊಸ ತಾಂಡೇಲ ತನ್ನ ಹಂಚುವ ಮೀನನ್ನೇ ಚೆಲ್ಲಿದನೆಂದ ಮೇಲೆ ಅದು ಆಟವಲ್ಲವೆಂದು ಎಲ್ಲರಿಗೂ ಅನಿಸಿತು. ಯಾರಾದರೂ ಚೆಲ್ಲಿದರೆ ಚೆಲ್ಲುತ್ತೇನೆಂದವನು ಚೆಲ್ಲಿದ. ಅವನ ಹಿಂದಿನವನು ಚೆಲ್ಲಿದ. ಪರದೆಯ ಮೇಲೆ ಕೆಂಪು ಒಂದೊಂದಾಗಿ ಹಸಿರಾಗುತ್ತ ಬಂತು. ಕೊನೆಗೆ ಸೂರಪ್ಪನೊಬ್ಬನೇ ಉಳಿದ. ಅವನು ವೈರ್‌ಲೆಸ್‌ನಲ್ಲಿ ಏನೂ ಹೇಳಲಿಲ್ಲ. ಅವನ ಬೋಟಿನ ಹಿಂದೆ ಹದ್ದುಗಳು ಮುತ್ತಿಕೊಂಡದ್ದು ಕಿಟಕಿಯಿಂದ ಕಂಡಾಗಲೇ ಅವನೂ ಚೆಲ್ಲತೊಡಗಿದ್ದಾನೆಂದು ಗೊತ್ತಾದದ್ದು. ಪೂರ್ತಿ ಚೆಲ್ಲುವಷ್ಟು ಹೊತ್ತು ಅವನಿಗೆ ಸಿಗಲಿಲ್ಲ. ಅಳಿವೆಯ ಬಾಯಿಯಲ್ಲಿ ಹಿಂದಿನಿಂದ ಬಂದ ಅಲೆ ಬೋಟನ್ನು ಎತ್ತಿ ಅಡ್ಡ ತಿರುಗಿಸಿತು. ಬೋಟು ವಾಲಿತು, ಡೆಕ್ಕಿನ ಅಂಚು ನೀರಿಗೆ ತಾಗಿತು, ಹಾಗೆಯೇ ನಿಂತುಬಿಟ್ಟಿತು. ಉಳಿದಿದ್ದ ಮೀನು ತಾನಾಗಿಯೇ ಜಾರಿ ನೀರಿಗೆ ಬಿತ್ತು. ಆಗ ಬೋಟು ಮೆಲ್ಲಗೆ, ಬಹಳ ಮೆಲ್ಲಗೆ ಎದ್ದಿತು.

ಸೂರಪ್ಪ ದಡಕ್ಕಿಳಿದು ಹಗ್ಗ ಕಟ್ಟುವ ಗೂಟಕ್ಕೆ ಒರಗಿ ಕೂತ. ಬೋಟಿನ ಹಗ್ಗವನ್ನು ಕಲಾಸಿಗಳೇ ಕಟ್ಟಿದರು.

ಮನೆಯಲ್ಲಿ ಮುತ್ತಕ್ಕ ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟು ವಾಪಸ್ ಕೊಡಲು ಹೊರಟಿದ್ದಳು. ಜೀವ ಉಳಿಯಿತಲ್ಲ ಸಾಕು ಎಂದು ಬಾಯಿ ಹೇಳುತ್ತಿತ್ತು, ಮುಖ ಹೇಳುತ್ತಿರಲಿಲ್ಲ. ಬೇಲಿಯಾಚೆ ಯಾರೋ "ದಯಾ ಬಂದ್ನಾ?" ಎಂದು ಕೇಳಿದರು. ತಾಂಡೇಲ ಬಂದನಾ ಎಂದು ಕೇಳಲಿಲ್ಲ. ದಯಾಕರ ಬಾವಿಕಟ್ಟೆಯಲ್ಲಿ ಮೈ ತೊಳೆಯುತ್ತಿದ್ದ.

ಸುಗಂಧಿ ತಾಯಿಯನ್ನು ಒಳಗೆ ಕರೆದು, ದಯಾಕರನ ಬೋಟು ಹಸಿರೇ ಇತ್ತೆಂಬ ನಿಜ ಹೇಳಿದಳು. ಮುತ್ತಕ್ಕ ಬುಟ್ಟಿ ಹಿಡಿದುಕೊಂಡೇ ನಿಂತಳು.

"ಅವ್ನಿಗೆ ಹೇಳ್ಬ್ಯಾಡ," ಎಂದಳು. "ಕೆಂಪಾಗಿತ್ತ್ ಅಂದೇಳೇ ಇರ್ಲಿ. ಯಾರಿಗೆ ಗೊತ್ತಾತ್ತ್?"

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಒಂದು ವರ್ಷ ತನಗೇ ತಿಳಿಯದೆ ಸುಳ್ಳು ಹೇಳಿದವಳಿಗೆ, ಇನ್ನು ತಿಳಿದೂ ತಿಳಿದೂ ಒಂದು ಸುಳ್ಳನ್ನು ಇಟ್ಟುಕೊಂಡು ಆ ಮೇಜಿನ ಮುಂದೆ ಕೂರಲು ಆಗುತ್ತಿರಲಿಲ್ಲ. ಬಾವಿಕಟ್ಟೆಗೆ ಹೋಗಿ ಹೇಳಿಬಿಟ್ಟಳು.

ದಯಾಕರ ಕೊಡಪಾನ ಕೆಳಗಿಟ್ಟ. ಅವನು ಬೈಯುತ್ತಾನೆಂದುಕೊಂಡಿದ್ದಳು, ಬೈಯಲಿಲ್ಲ.

"ಸೂರಣ್ಣನ ಬೋಟಿನಲ್ಲಿ ಎಷ್ಟು ಜನ ಇದ್ರ್?" ಎಂದು ಕೇಳಿದ.

"ಇಪ್ಪತ್ತೈದು."

"ಹಾಗಾರೆ ನೀನು ಮಾಡಿದ್ದು ಸಮ." ಟವೆಲಿನಿಂದ ತಲೆ ಒರೆಸಿಕೊಂಡ. "ನೀನು ಕೇಂಡಿದ್ರೆ ಸುಮ್ನೆ ಚೆಲ್ತಿದ್ದೆ ಅಕ್ಕಾ."

"ವೈರ್‌ಲೆಸ್‌ನಲ್ಲಿ ಎಲ್ಲರೂ ಕೇಂತಿದ್ರಲ್ದಾ ದಯಾ. ಹ್ಯಾಂಗೆ ಕೇಂಬುದ್?"

"ಅದೂ ಹೌದ್," ಎಂದ. "ಇನ್ನೊಂದ್ ಸಲ ನೀನು ಕೆಂಪು ಅಂದ್ರೆ ನಾನು ಎಂತ ಅಂದೇಳಿ ತಿಳ್ಕಣ್ಕ್?"

ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಊಟಕ್ಕೆ ಕೂತ.

ಪ್ರಸನ್ನ ಬಂದು ಕಂಪ್ಯೂಟರನ್ನು ಸರಿಮಾಡಿ, ಈ ಸಲ ಫೋನನ್ನು ಒಂದೊಂದೇ ದಿಕ್ಕಿಗೆ ವಾಲಿಸಿ ಪರೀಕ್ಷಿಸಿದ. ಅಲೆ ತಗ್ಗಿದ ಮೇಲೆ ಬೋಟುಗಳು ಮತ್ತೆ ಕಡಲಿಗಿಳಿದವು. ಸಂಜೆ ಕಿಟಕಿಯ ಕೆಳಗೆ ಹೆಂಗಸರು ಬಂದು ಬಣ್ಣ ಕೇಳಿದರು. ಸುಗಂಧಿ ಒಂದೊಂದನ್ನೂ ಎರಡೆರಡು ಸಲ ನೋಡಿ ಹೇಳಿದಳು.

ದಯಾಕರನ ಬೋಟು ದಡಕ್ಕೆ ಹತ್ತಿರವಾಗುತ್ತಿತ್ತು. ಆ ಹುಡುಗ ಮೊದಲ ದಿನ ಬಣ್ಣ ಕೇಳಿದವನಲ್ಲ, ಅಕ್ಕ ಇದ್ದಾಳೆಂದು ಸುಮ್ಮನಿದ್ದ. ಆ ದಿನ ತಾನಾಗಿಯೇ ವೈರ್‌ಲೆಸ್‌ನಲ್ಲಿ ಕರೆದ.

"ಅಕ್ಕಾ, ನಮ್ದ್ ಎಂತ ಬಣ್ಣ?"

"ಹಸ್ರು ಇತ್ತ್ ದಯಾ," ಎಂದಳು. ಅದು ನಿಜವೇ ಆಗಿತ್ತು. ಹಿಂದೆಂದೂ ಅವಳು ಅಷ್ಟು ಖಚಿತವಾಗಿ ಹೇಳಿರಲಿಲ್ಲ.

ವೈರ್‌ಲೆಸ್ ಮೂಲಕ ಅವನ ಎಂಜಿನ್ನಿನ ಸದ್ದು ತಗ್ಗಿದ್ದು ಕೇಳಿಸಿತು.

"ಸಮ ಅಕ್ಕಾ," ಎಂದ. ಈ ಸಲವೂ ಬೆರಳು ತೆಗೆಯಲು ಮರೆತಿದ್ದ. ಅವನು ಕಲಾಸಿಗಳ ಕಡೆ ತಿರುಗಿ, ಡೆಕ್ಕಿನ ಮೇಲಿದ್ದದ್ದನ್ನೆಲ್ಲ ಕೆಳಗಿಳಿಸಿ, ಜಾಗ ಸಾಲದಿದ್ದರೆ ಚೆಲ್ಲಿ ಎಂದು ಹೇಳಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಪರದೆಯ ಮೇಲೆ ಅವನ ಬೋಟು ಇನ್ನಷ್ಟು ಚುರುಕಾಗಿ ಅಲುಗತೊಡಗಿತು. ಅವನು ಅಳಿವೆ ದಾಟಿ ಒಳಗೆ ಬರುವ ತನಕ ಸುಗಂಧಿ ಅದನ್ನೇ ನೋಡುತ್ತ ಕೂತಳು. ತನ್ನ ಮಾತೊಂದೇ ಅವನಿಗೆ ಸಾಲಲಿಲ್ಲವೆಂದು ಅವಳ ಮನಸ್ಸಿಗೆ ನೋವಾಗಿತ್ತು, ಆದರೆ ತಮ್ಮ ಕ್ಷೇಮವಾಗಿ ಬಂದಿದ್ದ.